ಗೋಡೆಗೆ ಒದೆದ ಚೆಂಡು: ಫುಟ್‌ಬಾಲ್ ಕಲಿಕೆಯ ಮೂಲಪಾಠಗಳು



ದೂರದರ್ಶನದಲ್ಲಿ ಫುಟ್‌ಬಾಲ್ ಪಂದ್ಯ ನೋಡುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ಚೆಂಡಿನ ಮೇಲೆ. ಕ್ಯಾಮೆರಾ ಕೂಡ ಚೆಂಡನ್ನೇ ಹಿಂಬಾಲಿಸುತ್ತದೆ. ಗೋಲು ಬಿದ್ದರೆ ಅದನ್ನು ನಾಲ್ಕು ಕೋನಗಳಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಆದರೆ ಗೋಲು ಬೀಳುವುದಕ್ಕೆ ಹತ್ತು ಸೆಕೆಂಡು ಮೊದಲು, ಮೂವತ್ತು ಗಜದಾಚೆಯಿಂದ ರಭಸವಾಗಿ ಬಂದ ಚೆಂಡನ್ನು ಒಬ್ಬ ಆಟಗಾರ ಪಾದದ ಒಳಬದಿಯಿಂದ ಮೆತ್ತಗೆ ತಡೆದು, ತನಗೆ ಬೇಕಾದ ದಿಕ್ಕಿಗೆ ಒಂದೇ ಗಜ ಉರುಳಿಸಿಕೊಂಡನಲ್ಲ, ಅದನ್ನು ಯಾರೂ ಮರಳಿ ತೋರಿಸುವುದಿಲ್ಲ. ಆ ಒಂದು ಸ್ಪರ್ಶ ತಪ್ಪಿದ್ದರೆ ಗೋಲೇ ಇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ನಡೆಯುವುದೇನು? ಗೋಲುಕಂಬದ ಮುಂದೆ ಇಪ್ಪತ್ತು ಮಂದಿ, ಒಂದೇ ಚೆಂಡು. ಒಬ್ಬೊಬ್ಬರಾಗಿ ಬಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದೆಯುತ್ತಾರೆ. ಚೆಂಡು ಕಾಂಪೌಂಡು ದಾಟುತ್ತದೆ. ತರಲು ಹೋದವನು ಬರುವವರೆಗೆ ಉಳಿದವರು ಹರಟೆ. ಇದನ್ನು ನಾವು ‘ಅಭ್ಯಾಸ’ ಎಂದು ಕರೆಯುತ್ತೇವೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಆಟದ ಪಿರಿಯಡ್ಡು 40 ನಿಮಿಷ, ಅಂದರೆ 2400 ಸೆಕೆಂಡು. ಚೆಂಡು ಕಾಂಪೌಂಡು ದಾಟಲೇ ಇಲ್ಲವೆಂದು ಉದಾರವಾಗಿ ಭಾವಿಸಿ, ಒಂದು ಒದೆತಕ್ಕೆ 10 ಸೆಕೆಂಡು ಹಿಡಿಯೋಣ. ಒಟ್ಟು 240 ಒದೆತ. ಇಪ್ಪತ್ತು ಮಂದಿಗೆ ಹಂಚಿದರೆ ಒಬ್ಬರಿಗೆ ಹನ್ನೆರಡು. ಈಗ ಅದೇ ಇಪ್ಪತ್ತು ಮಂದಿಯನ್ನು ಹತ್ತು ಜೋಡಿ ಮಾಡಿ, ಜೋಡಿಗೊಂದು ಚೆಂಡು ಕೊಡಿ. ನಾಲ್ಕು ಸೆಕೆಂಡಿಗೊಂದು ಪಾಸ್ ಎಂದರೂ ಒಬ್ಬೊಬ್ಬರ ಕಾಲಿಗೆ ಎಂಟು ಸೆಕೆಂಡಿಗೊಮ್ಮೆ ಚೆಂಡು ಬರುತ್ತದೆ. ಅದೇ 40 ನಿಮಿಷದಲ್ಲಿ 300 ಸಲ! ಹನ್ನೆರಡಕ್ಕೂ ಮುನ್ನೂರಕ್ಕೂ ಇರುವ ಅಂತರವನ್ನು ವರ್ಷದ ಪಿರಿಯಡ್ಡುಗಳಿಂದ ಗುಣಿಸಿ. ‘ಇವನಿಗೆ ಹುಟ್ಟಿನಿಂದಲೇ ಬಂದಿದೆ, ಅವನಿಗೆ ಬರುವುದಿಲ್ಲ’ ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಎಷ್ಟೋ ಸಲ ಅವನಿಗೆ ಚೆಂಡೇ ಸಿಕ್ಕಿರುವುದಿಲ್ಲ.

ಹತ್ತು ಚೆಂಡು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪಾಸ್ ಕಲಿಯಲು ಹೊಸ ಚೆಂಡೇ ಬೇಕೆಂದಿಲ್ಲ. ಹೊಲಿಗೆ ಬಿಟ್ಟ ಹಳೆಯ ಚೆಂಡುಗಳೂ ಉರುಳುತ್ತವೆ. ಅದೂ ಇಲ್ಲವಾದರೆ ಇರುವ ಮೂರು ಚೆಂಡಿಗೆ ಮೂರು ಗುಂಪು ಮಾಡಿದರೂ ಹನ್ನೆರಡು ಹೋಗಿ ಮೂವತ್ತಾರಾಗುತ್ತದೆ. ಚೆಂಡಿನ ಅಳತೆಯ ಬಗ್ಗೆಯೂ ಒಂದು ಮಾತು. ದೊಡ್ಡವರ ಪಂದ್ಯದ 5ನೇ ನಂಬರಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟು ವರ್ಷದ ಮಗುವಿನ ಕಾಲಿಗೆ ಇದು ಕಲ್ಲು. ಚಿಕ್ಕವರಿಗೆ 3ನೇ ನಂಬರಿನದು, ಆಮೇಲೆ ಹದಿಮೂರರ ಸುಮಾರಿನವರೆಗೆ 4ನೇ ನಂಬರಿನದು ಎಂಬ ಪದ್ಧತಿ ಇರುವುದು ಸುಮ್ಮನೆ ಅಲ್ಲ.

ಮೊದಲ ಸ್ಪರ್ಶ

ಫುಟ್‌ಬಾಲ್‌ನ ಮೂಲಪಾಠಗಳು ಬಹಳವೇನಿಲ್ಲ: ಚೆಂಡನ್ನು ತಡೆಯುವುದು, ಪಾಸ್ ಕೊಡುವುದು, ಚೆಂಡಿನೊಡನೆ ಓಡುವುದು, ತಿರುಗುವುದು, ಒದೆಯುವುದು. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕೂ ಬುನಾದಿ ಎಂಬುದು ನನ್ನ ಅಭಿಪ್ರಾಯ. ಚೆಂಡು ಕಾಲಿಗೆ ತಗಲಿ ಎರಡು ಮೀಟರ್ ಆಚೆ ಪುಟಿದರೆ ನಿಮ್ಮ ಮುಂದಿನ ಪಾಸ್ ಎಷ್ಟು ಚೆನ್ನಾಗಿದ್ದರೇನು? ಅದನ್ನು ಕೊಡಲು ಚೆಂಡೇ ನಿಮ್ಮ ಬಳಿ ಇರುವುದಿಲ್ಲ.

ಇಲ್ಲಿ ನಿಮ್ಮ ಭೌತಶಾಸ್ತ್ರದ ಪುಸ್ತಕ ನೆರವಿಗೆ ಬರುತ್ತದೆ. 430 ಗ್ರಾಂ ತೂಕದ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ. ಅದರ ಸಂವೇಗ 0.43ನ್ನು 10ರಿಂದ ಗುಣಿಸಿದಾಗ ಸಿಗುವ 4.3 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಪಾದವನ್ನು ಮರದ ಹಲಗೆಯಂತೆ ಬಿಗಿದು ನಿಂತರೆ ಚೆಂಡು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಲ್ಲಬೇಕಾಗುತ್ತದೆ. ಆಗ ಸರಾಸರಿ ಬಲ 430 ನ್ಯೂಟನ್. ಅಷ್ಟು ಬಲಕ್ಕೆ ಚೆಂಡು ನಿಲ್ಲುವುದಿಲ್ಲ, ಚಿಮ್ಮುತ್ತದೆ. ಅದೇ ಪಾದವನ್ನು ಚೆಂಡು ತಗಲುವ ಗಳಿಗೆಯಲ್ಲೇ ಚೆಂಡಿನ ಜೊತೆಜೊತೆಗೆ ಒಂದು ಗೇಣಿನಷ್ಟು ಹಿಂದಕ್ಕೆ ಎಳೆದುಕೊಂಡರೆ ನಿಲ್ಲುವ ಸಮಯ ಐದುಪಟ್ಟು ಹೆಚ್ಚುತ್ತದೆ, ಬಲ 86 ನ್ಯೂಟನ್‌ಗೆ ಇಳಿಯುತ್ತದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ತೆಗೆದುಕೊಳ್ಳುವುದು, ಅಮ್ಮ ಮಹಡಿಯಿಂದ ಎಸೆದ ತೆಂಗಿನಕಾಯಿಯನ್ನು ನೀವು ಬಗ್ಗಿ ಹಿಡಿಯುವುದು, ಎಲ್ಲ ಇದೇ ತತ್ವ.

ಆದರೆ ಸೂತ್ರ ಗೊತ್ತಿದ್ದ ಮಾತ್ರಕ್ಕೆ ಪಾದ ಹಿಂದಕ್ಕೆ ಹೋಗುವುದಿಲ್ಲ! ಬೇಗ ಎಳೆದರೆ ಚೆಂಡು ಕಾಲಡಿ ನುಸುಳುತ್ತದೆ, ತಡವಾದರೆ ಪುಟಿಯುತ್ತದೆ. ಸರಿಯಾದ ಗಳಿಗೆ ಸೆಕೆಂಡಿನ ಕೆಲವು ನೂರನೇ ಭಾಗಗಳಷ್ಟು ಮಾತ್ರ. ಅದನ್ನು ಲೆಕ್ಕ ಮಾಡಲು ಮಿದುಳಿಗೆ ವೇಳೆ ಇರುವುದಿಲ್ಲ, ಕಾಲಿಗೇ ರೂಢಿಯಾಗಬೇಕು.

ಪಾಸ್ ಕೊಡುವಾಗ ಹೊಸಬರು ಒದೆಯುವ ಕಾಲನ್ನೇ ನೋಡುತ್ತಾರೆ. ನೋಡಬೇಕಾದದ್ದು ನೆಲದ ಮೇಲೆ ಊರಿದ ಇನ್ನೊಂದು ಕಾಲನ್ನು. ಅದು ಚೆಂಡಿನ ಪಕ್ಕದಲ್ಲಿ ಸುಮಾರು ಒಂದು ಗೇಣು ದೂರದಲ್ಲಿರಬೇಕು. ಹೆಬ್ಬೆರಳು ಗುರಿಯ ಕಡೆಗೆ ತಿರುಗಿರಬೇಕು. ಮಂಡಿ ತುಸು ಬಾಗಿರಬೇಕು. ಒದೆಯುವ ಪಾದದ ಕೀಲು ಬಿಗಿಯಾಗಿ, ಬೆರಳ ತುದಿ ಮೇಲಕ್ಕೆತ್ತಿ, ಒಳಬದಿಯ ಚಪ್ಪಟೆ ಭಾಗ ಚೆಂಡಿನ ನಡುಮಧ್ಯಕ್ಕೆ ತಾಗಬೇಕು. ಕೆಳಗೆ ತಾಗಿದರೆ ಚೆಂಡು ಏಳುತ್ತದೆ, ಪಕ್ಕಕ್ಕೆ ತಾಗಿದರೆ ತಿರುಗುತ್ತದೆ. ತಡೆಯುವಾಗ ಸಡಿಲ, ಕೊಡುವಾಗ ಬಿಗಿ: ಒಂದೇ ಪಾದ ಕ್ಷಣಾರ್ಧದಲ್ಲಿ ಎರಡು ಸ್ವಭಾವ ತೋರಿಸಬೇಕಾದ್ದರಿಂದಲೇ ಇದು ಕಷ್ಟ.

ಗೋಲ್‌ಕೀಪರ್ ಆಗಬೇಕೆನ್ನುವವರೂ ಈ ಪಾಠ ತಪ್ಪಿಸಿಕೊಳ್ಳುವಂತಿಲ್ಲ. ತನ್ನ ತಂಡದವರು ಕಾಲಿನಿಂದ ಬೇಕೆಂದೇ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಿಂದ ಮುಟ್ಟಬಾರದು ಎಂಬ ನಿಯಮ 1992ರಲ್ಲಿ ಬಂತು. ಅಂದಿನಿಂದ ಗೋಲಿಯ ಕಾಲಿಗೂ ಪರೀಕ್ಷೆ ಶುರುವಾಯಿತು.

ರಹೀಂ ಸಾಹೇಬರ ಎಡಗಾಲಿನ ಪಂದ್ಯ

2024ರಲ್ಲಿ ಬಂದ ‘ಮೈದಾನ್’ ಎಂಬ ಹಿಂದಿ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರ ಕಥಾನಾಯಕ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನವರು, ವೃತ್ತಿಯಿಂದ ಶಾಲಾ ಶಿಕ್ಷಕರು. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಅವರ ಭಾರತ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಏಷ್ಯಾದ ಯಾವ ತಂಡವೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ನಮ್ಮ ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಚಿತ್ರದಲ್ಲಿ ಪದಕದ ಕಥೆ ದೊಡ್ಡದಾಗಿ ಕಾಣುತ್ತದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ರಹೀಂ ಅವರು ಹೈದರಾಬಾದಿನ ಹುಡುಗರಿಗಾಗಿ ಏರ್ಪಡಿಸುತ್ತಿದ್ದ ವಿಚಿತ್ರ ಪಂದ್ಯಾವಳಿಗಳು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ. ಚೆಂಡು ಸಿಕ್ಕರೆ ಪಾಸ್ ಕೊಟ್ಟು ಓಡಬೇಕು. ಇನ್ನೊಂದರಲ್ಲಿ ದುರ್ಬಲವಾದ ಕಾಲಿನಿಂದಲೇ ಆಡಬೇಕು, ಅಂದರೆ ಬಲಗಾಲಿನ ಹುಡುಗ ಎಡಗಾಲಲ್ಲಿ.

ಇದರ ಜಾಣ್ಮೆಯನ್ನು ಗಮನಿಸಿ. ‘ಎಡಗಾಲು ಅಭ್ಯಾಸ ಮಾಡಿರಪ್ಪಾ’ ಎಂದು ಯಾವ ತರಬೇತುದಾರ ಹೇಳುವುದಿಲ್ಲ? ಹುಡುಗರು ‘ಹ್ಞೂಂ ಸಾರ್’ ಎನ್ನುತ್ತಾರೆ, ತಿರುಗಿ ನೋಡಿದರೆ ಬಲಗಾಲು. ಅದು ಸೋಮಾರಿತನವಲ್ಲ. ಎಡಗಾಲಲ್ಲಿ ಒದ್ದಾಗ ಚೆಂಡು ಎಲ್ಲೆಲ್ಲಿಗೋ ಹೋಗಿ ಗೆಳೆಯರೆದುರು ನಗೆಪಾಟಲಾಗುವ ಹೆದರಿಕೆ. ಎಲ್ಲರೂ ಎಡಗಾಲಲ್ಲೇ ಆಡಬೇಕಾದ ಪಂದ್ಯದಲ್ಲಿ ನಗುವವರು ಯಾರು? ಎಲ್ಲರದೂ ಒಂದೇ ಅವಸ್ಥೆ. ನಾಚಿಕೆ ಕಳೆಯುತ್ತದೆ, ಗೆಲ್ಲುವ ಹಟ ಉಳಿಯುತ್ತದೆ. ನಿಯಮ ಬದಲಿಸಿದ್ದರಿಂದ ಉಪದೇಶವೇ ಬೇಕಾಗಲಿಲ್ಲ. ಮೇಷ್ಟರಾಗಿದ್ದವರಿಗೆ ಮಾತ್ರ ಹೊಳೆಯುವ ಉಪಾಯ ಇದು ಎಂದು ನನಗೆ ಅನ್ನಿಸುವುದುಂಟು.

ಎಡಗಾಲು ಅಷ್ಟು ಮುಖ್ಯವೇ? ಒಂದೇ ಕಾಲು ಬಲ್ಲ ಆಟಗಾರ ಪ್ರತಿ ಸಲವೂ ಚೆಂಡನ್ನು ಬಲಗಾಲಿಗೆ ಬದಲಾಯಿಸಿಕೊಳ್ಳಬೇಕು. ಅರ್ಧ ಸೆಕೆಂಡು ಹೋಯಿತು. ಅಷ್ಟರಲ್ಲಿ ಎದುರಾಳಿ ಎರಡು ಹೆಜ್ಜೆ ಹತ್ತಿರ ಬಂದಿರುತ್ತಾನೆ. ಮೇಲಾಗಿ ಇವನು ಯಾವ ಕಡೆ ತಿರುಗುತ್ತಾನೆಂಬುದೂ ಅವನಿಗೆ ಮೊದಲೇ ಗೊತ್ತು.

ರಹೀಂ 1963ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಬಂದದ್ದು 1970ರ ಬ್ಯಾಂಕಾಕ್‌ನ ಒಂದು ಕಂಚು ಮಾತ್ರ. ಇದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಒಬ್ಬ ಗುರುವಿನ ಸಾವಿಗೆ ಕಟ್ಟುವುದು ತಪ್ಪಾದೀತು. ಬೇರೆ ದೇಶಗಳು ಎಳೆಯ ಮಕ್ಕಳ ತರಬೇತಿಯನ್ನು ವ್ಯವಸ್ಥೆಯಾಗಿ ಕಟ್ಟಿಕೊಂಡವು, ನಾವು ಆಗೊಮ್ಮೆ ಈಗೊಮ್ಮೆ ಹುಟ್ಟುವ ಪ್ರತಿಭೆಗೆ ಕಾದು ಕುಳಿತೆವು ಎಂಬುದಂತೂ ನಿಜ.

ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದಂಥ ಬಡಾವಣೆಗಳು ಆ ಪ್ರತಿಭೆಯನ್ನು ದಂಡಿಯಾಗಿಯೇ ಕೊಟ್ಟಿವೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ನಮ್ಮವರಲ್ಲಿ ಹೆಚ್ಚಿನವರು ಅಂದು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ 2-1ರಿಂದ ಗೆದ್ದಿತು. ಆದರೆ ಆ ದಿನ ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿ ಒದೆತಗಳು ಗೋಲಾಗಲಿಲ್ಲ. ಅಡ್ಡಬರುವವರಿಲ್ಲದೆ, ಹನ್ನೊಂದು ಮೀಟರ್ ದೂರದಿಂದ, 7.32 ಮೀಟರ್ ಅಗಲದ ಗೋಲಿಗೆ ಒದೆಯುವುದು. ನೋಡಲು ಎಷ್ಟು ಸುಲಭ!

ಕಮ್ಮಾರನ ಸುತ್ತಿಗೆ

ಹಾಗಾದರೆ ಒಂದೇ ಪಾಸನ್ನು ಸಾವಿರ ಸಲ ಕೊಟ್ಟರೆ ಆಯಿತೇ? ಇಲ್ಲಿ ಒಂದು ಸ್ವಾರಸ್ಯವಿದೆ.

1920ರ ದಶಕದಲ್ಲಿ ಸೋವಿಯತ್ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಅವರು ನುರಿತ ಕಮ್ಮಾರರು ಸುತ್ತಿಗೆ ಹೊಡೆಯುವುದನ್ನು ಛಾಯಾಗ್ರಹಣದ ಮೂಲಕ ಅಳೆದು ನೋಡಿದರು. ಸುತ್ತಿಗೆಯ ತುದಿ ಪ್ರತಿಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಒಂದು ಹೊಡೆತದಿಂದ ಇನ್ನೊಂದಕ್ಕೆ ಬೇರೆಯಾಗಿರುತ್ತಿತ್ತು! ಭುಜ ಸ್ವಲ್ಪ ಹೆಚ್ಚು ಹೋದರೆ ಮೊಣಕೈ ಸರಿದೂಗಿಸುತ್ತಿತ್ತು. ಅಂದರೆ ನುರಿತವನು ಒಂದೇ ಚಲನೆಯನ್ನು ಯಂತ್ರದಂತೆ ಪುನರಾವರ್ತಿಸುವುದಿಲ್ಲ. ಒಂದೇ ಸಮಸ್ಯೆಯನ್ನು ಪ್ರತಿಸಲ ಹೊಸದಾಗಿ ಬಿಡಿಸುತ್ತಾನೆ. ಪುನರಾವರ್ತನೆಯಾಗುವುದು ಬಿಡಿಸುವ ಕೆಲಸ, ಉತ್ತರವಲ್ಲ.

ಫುಟ್‌ಬಾಲ್‌ಗೆ ಇದನ್ನು ಹೊಂದಿಸಿ ನೋಡಿ. ಪಂದ್ಯದಲ್ಲಿ ಚೆಂಡು ಎರಡು ಸಲ ಒಂದೇ ರೀತಿ ಬರುವುದಿಲ್ಲ. ಒಮ್ಮೆ ಪುಟಿದು, ಒಮ್ಮೆ ಜಾರಿ, ಒಮ್ಮೆ ಎಡಕ್ಕೆ ತಿರುಗುತ್ತ ಬರುತ್ತದೆ. ಐದು ಮೀಟರ್ ದೂರದ ಗೆಳೆಯ ಒಂದೇ ವೇಗದಲ್ಲಿ ಕೊಡುವ ಚೆಂಡನ್ನು ಸಾವಿರ ಸಲ ತಡೆದವನು ಆ ಒಂದು ಚೆಂಡನ್ನು ತಡೆಯಲು ಕಲಿತಿರುತ್ತಾನೆ, ಅಷ್ಟೆ.

1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಮಕ್ಕಳಿಂದ ಕಾಳಿನ ಪುಟ್ಟ ಚೀಲವನ್ನು ಗುರಿಗೆ ಎಸೆಯಿಸಿ ಇದನ್ನೇ ಪರೀಕ್ಷಿಸಿದರು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು ಮೂರು ಅಡಿ ದೂರದಿಂದ ಮಾತ್ರ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಮತ್ತು ನಾಲ್ಕು ಅಡಿಗಳಿಂದ, ಮೂರು ಅಡಿಯಿಂದ ಎಂದೂ ಇಲ್ಲ. ಕೊನೆಗೆ ಪರೀಕ್ಷೆ ನಡೆದದ್ದು ಮೂರು ಅಡಿಯಿಂದ. ಚೆನ್ನಾಗಿ ಎಸೆದವರು ಎರಡನೆಯ ಗುಂಪಿನವರು! ಎಲ್ಲ ಪ್ರಯೋಗಗಳಲ್ಲೂ ಇಷ್ಟು ಸ್ಪಷ್ಟ ಫಲ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಬದಲಾಯಿಸಿ ಮಾಡುವ ಅಭ್ಯಾಸ ಆ ಹೊತ್ತಿಗೆ ತಪ್ಪುತಪ್ಪಾಗಿ ಕಂಡರೂ ಮುಂದೆ ಹೆಚ್ಚು ದಿನ ಉಳಿಯುತ್ತದೆ ಎಂಬ ತಿಳಿವಳಿಕೆಗೆ ಬಹಳ ಆಧಾರಗಳಿವೆ. ‘ನಿನ್ನೆ ಸರಿ ಬರುತ್ತಿತ್ತು, ಇವತ್ತು ಕೆಟ್ಟಿತು’ ಎಂದು ಗೋಳಾಡುವವರು ಇದನ್ನು ನೆನಪಿನಲ್ಲಿಡಬಹುದು.

ಹಾಗೆಂದು ಮೊದಲ ದಿನವೇ ಎಲ್ಲವನ್ನೂ ಕಲಸಬೇಡಿ. ಪಾದ ಹೇಗಿಡಬೇಕೆಂದೇ ತಿಳಿಯದ ಮಗುವಿಗೆ ಮೊದಲು ಒಂದೇ ಬಗೆಯ, ನಿಧಾನವಾದ ಚೆಂಡು ಬೇಕು. ಆಕಾರ ಕೂಡಿಬಂದ ಮೇಲೆ ದೂರ, ವೇಗ, ಕೋನ, ಕಾಲು ಬದಲಾಗಬೇಕು. ಆಮೇಲೆ ಎದುರಾಳಿ ಬರಬೇಕು. ನಾಲ್ವರು ಚೌಕದಲ್ಲಿ ನಿಂತು ಪಾಸ್ ಕೊಡುತ್ತಿದ್ದರೆ ನಡುವೆ ಒಬ್ಬ ಅದನ್ನು ಕಸಿಯಲು ಓಡಾಡುವ ಆಟ ನಿಮಗೆ ಗೊತ್ತು. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನಲ್ಲಿ ವಿಶ್ವದ ಶ್ರೇಷ್ಠರೂ ದಿನವೂ ಆಡುವ ಆಟ ಅದು. ಅಲ್ಲಿ ಅದಕ್ಕೆ ರೋಂಡೋ ಎಂದು ಹೆಸರು. ಸಾಲಿನಲ್ಲಿ ನಿಂತು ಮಾಡುವ ಕವಾಯತಿಗಿಂತ ಇದು ಮೇಲು, ಏಕೆಂದರೆ ಇಲ್ಲಿ ಕಾಲಿನ ಜೊತೆಗೆ ಕಣ್ಣೂ ಕಲಿಯುತ್ತದೆ. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳುವ ಅಭ್ಯಾಸವನ್ನು ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲಿ ನೀವು ಗಮನಿಸಬಹುದು. ಮುಂದಿನ ಸಲ ಪಂದ್ಯ ನೋಡುವಾಗ ಐದು ನಿಮಿಷ ಚೆಂಡನ್ನು ಬಿಟ್ಟು ಅಂಥ ಒಬ್ಬನ ತಲೆಯನ್ನೇ ನೋಡುತ್ತ ಕುಳಿತುಕೊಳ್ಳಿ.

ಪಂದ್ಯ ನೋಡುವುದೂ ಕಲಿಕೆಯೇ ಎಂದು ತೋರಿಸಿದವರು ಹಾಲೆಂಡಿನ ವೀಲ್ ಕೂರ್ವರ್. 1974ರಲ್ಲಿ ಫೆಯನೂರ್ಡ್ ತಂಡಕ್ಕೆ ಯುಇಎಫ್‌ಎ ಕಪ್ ಗೆಲ್ಲಿಸಿಕೊಟ್ಟ ತರಬೇತುದಾರರು ಅವರು. ದೊಡ್ಡ ಆಟಗಾರರ ಚಿತ್ರೀಕರಣಗಳನ್ನು ಕೂಲಂಕಷವಾಗಿ ನೋಡಿ, ಅವರ ಒಂದೊಂದು ತಿರುವನ್ನೂ ಬಿಡಿಬಿಡಿಯಾಗಿ ಒಡೆದು, ಮಕ್ಕಳು ಹಂತಹಂತವಾಗಿ ಕಲಿಯುವ ಪಾಠ ಮಾಡಿದರು. ಕೌಶಲ ಹುಟ್ಟಿನ ವರ ಮಾತ್ರವಲ್ಲ, ಕಲಿಸಲು ಬರುವಂಥದ್ದು ಎಂಬುದು ಅವರ ನಿಲುವು. ನಮ್ಮ ಸಂಗೀತದ ಮೇಷ್ಟರುಗಳಿಗೆ ಇದು ಹೊಸ ಮಾತಲ್ಲ. ಸರಳೆ, ಜಂಟಿ, ಅಲಂಕಾರ ಮುಗಿಯದೆ ಯಾರಾದರೂ ಕೃತಿಗೆ ಹೋಗುತ್ತಾರೆಯೇ?

ಬೆಳೆಯುವ ಮೈ

ಪುನರಾವರ್ತನೆಗೂ ಮಿತಿ ಇದೆ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಮೊಣಕಾಲ ಮೂಳೆಯ ಉಬ್ಬಿನಲ್ಲಿ ನೋವು ಬರುವುದುಂಟು. ಬೇಗ ಬೆಳೆಯುತ್ತಿರುವ ಮೂಳೆಯನ್ನು ತೊಡೆಯ ಸ್ನಾಯು ಪದೇಪದೇ ಎಳೆಯುವುದು ಇದಕ್ಕೆ ಕಾರಣ. ‘ಓಡಿದರೆ ಸರಿಹೋಗುತ್ತೆ’ ಎನ್ನುವ ತರಬೇತುದಾರರ ಮಾತು ಕೇಳಬೇಡಿ. ಓಟ, ನೆಗೆತ ಕಡಿಮೆ ಮಾಡಿ, ವೈದ್ಯರಿಗೆ ತೋರಿಸಿ.

ತಲೆಯಿಂದ ಚೆಂಡು ಹೊಡೆಯುವ ವಿಚಾರದಲ್ಲಂತೂ ಹಳೆಯ ಪದ್ಧತಿ ಬದಲಾಗಿದೆ. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರಲ್ಲಿ ಮಿದುಳು ಕ್ಷಯಿಸುವ ಕಾಯಿಲೆಗಳಿಂದ ಸಾಯುವ ಪ್ರಮಾಣ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು 2019ರಲ್ಲಿ ಗ್ಲಾಸ್ಗೋದ ಅಧ್ಯಯನವೊಂದು ತಿಳಿಸಿತು. ಹೆಡಿಂಗ್ ಒಂದೇ ಇದಕ್ಕೆ ಕಾರಣವೆಂದು ಆ ಅಧ್ಯಯನ ಸಾಧಿಸಲಿಲ್ಲವಾದರೂ 2020ರಲ್ಲಿ ಇಂಗ್ಲೆಂಡ್ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಹೆಡಿಂಗ್ ಬೇಡವೆಂದು ಸೂಚಿಸಿತು. ಅಮೆರಿಕ 2015ರಲ್ಲೇ ಚಿಕ್ಕವರಿಗೆ ಅದನ್ನು ನಿಷೇಧಿಸಿತ್ತು. ಕಾಲಿನ ಕೆಲಸವೇ ಬೇಕಾದಷ್ಟಿರುವಾಗ ಎಂಟು ವರ್ಷದ ಮಗುವಿನ ತಲೆಗೆ ಆತುರವೇನು?

ಇನ್ನೊಂದು ಮಾತು ಹೇಳದೆ ಇರಲಾರೆ. ಹನ್ನೆರಡು ವರ್ಷದೊಳಗಿನವರ ತಂಡಕ್ಕೆ ಆಯ್ಕೆ ನಡೆಯುವಾಗ ಎತ್ತರದ, ಬಲವಾದ ಮಕ್ಕಳೇ ಆಯ್ಕೆಯಾಗುತ್ತಾರೆ. ವಯಸ್ಸಿನ ಲೆಕ್ಕ ಜನವರಿ 1ರಿಂದ ಇದ್ದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಬಹಳ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಬಾಲಕರ ತಂಡಗಳಲ್ಲಿ ಹೆಚ್ಚಾಗಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಆಯ್ಕೆಯಾದವನಿಗೆ ಹೆಚ್ಚು ಚೆಂಡು, ಹೆಚ್ಚು ಪಂದ್ಯ. ಬಿಟ್ಟುಹೋದವನಿಗೆ ಮತ್ತೆ ಹನ್ನೆರಡು ಒದೆತದ ಸಾಲು. ನೀವು ಡಿಸೆಂಬರಿನವರಾಗಿದ್ದು, ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಬಂದಿದ್ದರೆ, ಆ ಪಟ್ಟಿ ಅಳೆದದ್ದು ನಿಮ್ಮ ಆಟವನ್ನೋ ನಿಮ್ಮ ಎತ್ತರವನ್ನೋ ಎಂದು ಕೇಳಿಕೊಳ್ಳುವ ಹಕ್ಕು ನಿಮಗಿದೆ. ಹುಡುಗಿಯರಿಗೆ ಎಷ್ಟೋ ಶಾಲೆಗಳಲ್ಲಿ ಆ ಸಾಲೂ ಸಿಗುವುದಿಲ್ಲ.

ಅಂಥವರಿಗೆ ಒಂದು ಗೋಡೆ ಸಾಕು. ಗೋಡೆಗೆ ಬೇಸರವಿಲ್ಲ, ನಗುವುದಿಲ್ಲ. ನೀವು ಕೊಟ್ಟ ಕೋನದಲ್ಲೇ ಚೆಂಡನ್ನು ಹಿಂದಿರುಗಿಸುತ್ತದೆ. ಸೀಮೆಸುಣ್ಣದಲ್ಲಿ ಮಂಡಿಯೆತ್ತರಕ್ಕಿಂತ ಕೆಳಗೆ ಒಂದು ಚೌಕ ಬರೆಯಿರಿ. ನಾಲ್ಕು ಹೆಜ್ಜೆ ದೂರದಿಂದ ಬಲಗಾಲಲ್ಲಿ ಐವತ್ತು, ಎಡಗಾಲಲ್ಲಿ ಐವತ್ತು. ಪ್ರತಿಸಲವೂ ಒಂದು ಸ್ಪರ್ಶದಲ್ಲಿ ತಡೆದು ಎರಡನೆಯದರಲ್ಲಿ ಕೊಡಿ. ನಂತರ ಆರು ಹೆಜ್ಜೆ, ಆಮೇಲೆ ಓರೆಯಾಗಿ, ಆಮೇಲೆ ತಡೆಯದೆ ನೇರವಾಗಿ. ಐವತ್ತರಲ್ಲಿ ಎಷ್ಟು ಚೌಕಕ್ಕೆ ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಬಲಗಾಲಿಗೆ ಒಂದು ಕಾಲಮು, ಎಡಗಾಲಿಗೆ ಒಂದು. ದೂರ ಬದಲಿಸಿದ ದಿನ ಅಂಕಿ ಇಳಿಯುತ್ತದೆ, ಅಳಿಸಬೇಡಿ. ಇಪ್ಪತ್ತು ನಿಮಿಷ ಸಾಕು, ಪರೀಕ್ಷೆಯ ದಿನಗಳಲ್ಲೂ ಹೊಂದಿಸಿಕೊಳ್ಳಬಹುದಾದಷ್ಟೇ. ಗೋಡೆ ನೆರೆಮನೆಯವರದ್ದಾಗಿದ್ದರೆ ಮೊದಲು ಅವರನ್ನು ಕೇಳಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬೇಡ.